ಕೂತರೆ ಸರಿಹೋಗುವ ಕಾಲು

ನಮ್ಮ ಮನೆಯಿಂದ ತರಕಾರಿ ಅಂಗಡಿಯವರೆಗೆ ಕೂರೋಕೆ ಎಲ್ಲೆಲ್ಲಿ ಜಾಗ ಇದೆ ಅನ್ನೋದು ಅಮ್ಮನಿಗೆ ಬಾಯಿಪಾಠ. ಮೊದಲು ತಿರುವಿನ ಮನೆಯವರ ಗಿಡ್ಡ ಕಾಂಪೌಂಡ್. ಅದಾದ ಮೇಲೆ ನಂದಿನಿ ಬೂತಿನ ಮುಂದೆ ಬೋರಲು ಹಾಕಿರುವ ಹಾಲಿನ ಕ್ರೇಟು. ಆಮೇಲೆ ಮೆಡಿಕಲ್ ಶಾಪಿನ ಸ್ಟೂಲು. ಅಲ್ಲಿ ಸುಮ್ನೆ ಕೂತು ಎದ್ದುಬರೋಕೆ ಅಮ್ಮನಿಗೆ ಮುಜುಗರ, ಏನಾದರೂ ಕೊಳ್ಳಲೇಬೇಕು. ಹಾಗಾಗಿ ನಮ್ಮ ಮನೆಯಲ್ಲಿ ವಿಕ್ಸ್ ಡಬ್ಬಿಗೆ ಬರ ಇಲ್ಲ. ಕೊನೆಗೆ ಅರಳಿಕಟ್ಟೆ. ಅಲ್ಲಿಗೆ ಬಂದರೆ ಅರ್ಧ ಗೆದ್ದ ಹಾಗೆ. ನಡುವೆ ಎಲ್ಲಾದರೂ ಕೂರುವ ಜಾಗ ತಪ್ಪಿತು ಅಂದರೆ ಅಮ್ಮ ಆ ದಾರಿಯನ್ನೇ ಬಿಟ್ಟುಬಿಡುತ್ತಾಳೆ.

ಶುರುವಾಗೋದು ಯಾವಾಗಲೂ ಒಂದೇ ಥರ. ಮನೆ ಬಿಡುವಾಗ ಚೆನ್ನಾಗೇ ನಡೆಯುತ್ತಾಳೆ. ಸ್ವಲ್ಪ ದೂರ ಹೋದ ಮೇಲೆ ಪಿರ್ರೆಯಿಂದ ಮೀನಖಂಡದವರೆಗೆ ಭಾರ ಇಳಿಯುತ್ತದೆ. ಆಮೇಲೆ ಪಾದದಲ್ಲಿ ಜೋಮು. "ಕಾಲು ನನ್ನದೇ ಅಲ್ಲ ಅನ್ನಿಸ್ತದೆ ಕಣೇ" ಅನ್ನುತ್ತಾಳೆ. ಎರಡು ನಿಮಿಷ ಕೂತರೆ ಎಲ್ಲ ಮಾಯ. ಎದ್ದರೆ ಮತ್ತೆ ಅಷ್ಟೇ ದೂರ. ಸುಮ್ಮನೆ ನಿಂತುಕೊಂಡರೆ ಹೋಗುವುದಿಲ್ಲ. ಕೂರಬೇಕು, ಇಲ್ಲಾ ಯಾವುದಾದರೂ ಗೋಡೆ ಹಿಡಿದು ಮುಂದಕ್ಕೆ ಬಗ್ಗಬೇಕು. ನಿಜ ಹೇಳಬೇಕೆಂದರೆ ನಡೆಯುವುದಕ್ಕಿಂತ ನಿಲ್ಲುವುದೇ ಅವಳಿಗೆ ಕಷ್ಟ. ಪೂಜೆ ಮನೆಗಳಲ್ಲಿ ಕಥೆ ಮುಗಿಯುವವರೆಗೂ ಆರಾಮಾಗಿ ಕೂತಿರುತ್ತಾಳೆ. ಮಂಗಳಾರತಿಗೆ ಎಲ್ಲರೂ ಎದ್ದು ನಿಂತಾಗ ಅವಳು ಕಂಬ ಹುಡುಕುತ್ತಾಳೆ.

ಇದು ಸೊಂಟದ ಹತ್ತಿರ ಬೆನ್ನುಮೂಳೆಯೊಳಗಿನ ಕೊಳವೆ ಸಣ್ಣಗಾಗಿ ನರ ಒತ್ತುವ ಕಾಯಿಲೆ, ಡಾಕ್ಟರುಗಳ ಬಾಯಲ್ಲಿ ಸ್ಪೈನಲ್ ಸ್ಟೆನೋಸಿಸ್. ಅದು ಗೊತ್ತಾಗುವ ಮುಂಚೆ ನಮಗೆ ಸಿಕ್ಕ ಕಾರಣಗಳು ಒಂದಾ ಎರಡಾ. ಮಂಡಿ ಸವೆದಿದೆ, ಶುಗರ್ ಇರಬೇಕು, ಕ್ಯಾಲ್ಸಿಯಂ ಕಮ್ಮಿ, ವಾಯು, ವಯಸ್ಸು. ಒಂದು ಕಡೆ ಬೆಲ್ಟ್ ಬರೆದುಕೊಟ್ಟರು. ಇನ್ನೊಂದು ಕಡೆ ಮುಟ್ಟಿಯೂ ನೋಡದೆ ವಿಟಮಿನ್ ಮಾತ್ರೆ ಬರೆದರು. ಇವುಗಳ ಜೊತೆಗೆ ಸಂಬಂಧಿಕರೆಲ್ಲ ಸೇರಿ ಒಂದು ಉಪದೇಶ ಕೊಟ್ಟರು: "ಯಾಕೆ ಹಿಂಗೆ ಬಗ್ಗಿ ನಡೀತೀರಿ? ನೆಟ್ಟಗೆ ನಡೀರಿ, ಸರಿಹೋಗುತ್ತೆ." ನನ್ನನ್ನು ತುಂಬಾ ದಿನ ಕಾಡಿದ್ದು ಈ ಮಾತು. ಯಾಕೆಂದರೆ ನೆಟ್ಟಗೆ ನಡೆದಾಗಲೇ ಅಮ್ಮನಿಗೆ ಜಾಸ್ತಿ ಆಗುತ್ತಿತ್ತು.

ಟ್ರಾಲಿ ಹಿಡಿದರೆ ಬೇರೆಯೇ ಅಮ್ಮ

ಒಂದು ಭಾನುವಾರ ಅಮ್ಮನನ್ನು ಸೂಪರ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಪಾರ್ಕಿಂಗಿನಿಂದ ಬಾಗಿಲಿಗೆ ಬರುವಷ್ಟರಲ್ಲೇ ಒಮ್ಮೆ ನಿಂತಳು. ಒಳಗೆ ಹೋಗಿ ಟ್ರಾಲಿ ಹಿಡಿದಳು ನೋಡಿ, ಆಮೇಲೆ ನನ್ನ ಕೈಗೆ ಸಿಗಲಿಲ್ಲ. ಬೇಳೆ ಸಾಲು, ಎಣ್ಣೆ ಸಾಲು, ಪಾತ್ರೆ ಸಾಲು, ಮತ್ತೆ ಬೇಳೆ ಸಾಲು. ಎರಡು ಮೊಣಕೈಯನ್ನೂ ಟ್ರಾಲಿಯ ಹಿಡಿಯ ಮೇಲೆ ಊರಿ, ಮುಂದಕ್ಕೆ ಬಾಗಿ, ಒಂದೊಂದು ಪ್ಯಾಕೆಟ್ಟಿನ ರೇಟು ಓದುತ್ತಾ ಇಡೀ ಅಂಗಡಿ ಸುತ್ತಿದಳು. ಮುಖದಲ್ಲಿ ಸುಸ್ತಿನ ಸುಳಿವಿಲ್ಲ. ಬಿಲ್ಲಿಂಗ್ ಕೌಂಟರಿನಲ್ಲಿ ಸಾಮಾನೆಲ್ಲ ಮೇಲಿಟ್ಟು, ಟ್ರಾಲಿ ಪಕ್ಕಕ್ಕೆ ಸರಿಸಿ, ಕ್ಯೂನಲ್ಲಿ ನೆಟ್ಟಗೆ ನಿಂತಳು. ನಮ್ಮ ಸರದಿ ಬರುವ ಮುಂಚೆಯೇ "ಅಯ್ಯೋ ಶುರುವಾಯ್ತು" ಅಂದಳು.

ಹೊರಗಿನವರಿಗೆ ಇದು ನಾಟಕದ ಥರ ಕಾಣುತ್ತದೆ. ಈ ಕಾಯಿಲೆಯ ದೊಡ್ಡ ಕಷ್ಟವೇ ಅದು. ಮಂಡ್ಯದ ಕಡೆ ನಮ್ಮ ಸೋದರತ್ತೆ ಒಬ್ಬರಿದ್ದಾರೆ. ಅವರದೂ ಇದೇ ಕಥೆ. ಗದ್ದೆಯಲ್ಲಿ ಬಗ್ಗಿ ಕಳೆ ಕೀಳು ಅಂದರೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಕೀಳುತ್ತಾರೆ. ಕೆಲಸ ಮುಗಿಸಿ ಬದುವಿನ ಮೇಲೆ ಮನೆ ಕಡೆ ಹೊರಟರೆ ಮಾತ್ರ ಕುಕ್ಕರಗಾಲಲ್ಲಿ ಕೂತು, ಎದ್ದು, ಮತ್ತೆ ಕೂತು ಬರುತ್ತಾರೆ. "ಗೇಯೋಕಾಯ್ತದೆ, ಬುತ್ತಿ ಹೊತ್ಕೊಂಡು ನಡೆಯೋಕಾಗಲ್ವಂತೆ" ಅಂತ ಮನೆಯವರೇ ಆಡಿಕೊಂಡಿದ್ದುಂಟು. ಆ ಮಾತು ಕೇಳಿ ಅತ್ತೆ ಬಾಯಿ ಮುಚ್ಚಿಕೊಂಡರು. ನೋವು ಹೇಳುವುದನ್ನೇ ಬಿಟ್ಟರು. ಎಷ್ಟು ಹೆಂಗಸರು ಹೀಗೆ ಸುಮ್ಮನಾಗಿದ್ದಾರೋ. ಬಗ್ಗಿದಾಗ ಇಲ್ಲದ ನೋವು ನಿಂತಾಗ ಬರುತ್ತದೆ ಅಂದರೆ ಯಾರು ನಂಬುತ್ತಾರೆ? ಬೆನ್ನುನೋವು ಅಂದರೆ ಬಗ್ಗಿದಾಗ ಬರಬೇಕು ಅಂತಲೇ ಅಲ್ವಾ ನಾವೆಲ್ಲ ಅಂದುಕೊಂಡಿರೋದು.

ಡಾಕ್ಟರು ಕೇಳಿದ್ದು

ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಸಿಕ್ಕಿದರು. ಫಿಲಂ ಕವರನ್ನು ಪಕ್ಕಕ್ಕಿಟ್ಟು ಅಮ್ಮನ ಕಡೆ ಕುರ್ಚಿ ತಿರುಗಿಸಿದರು. "ನೋವು ಬಂದಾಗ ಸುಮ್ನೆ ನಿಂತ್ಕೊಂಡ್ರೆ ಹೋಗುತ್ತಾ ಅಮ್ಮಾ, ಇಲ್ಲಾ ಕೂರ್ಲೇಬೇಕಾ?" ಅಂದರು. ಅಮ್ಮ ಕೂರಲೇಬೇಕು ಅಂದಳು. "ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದೀರಾ?" ಅಂತ ಕೇಳಿದರು. ಮೈಸೂರಿನವರನ್ನು ಹೀಗೆ ಕೇಳಿದರೆ ಬಿಡುತ್ತಾರಾ. ಆಷಾಢದಲ್ಲಿ ಹತ್ತಿದ್ದು, ನಂದಿ ಹತ್ತಿರ ಮಜ್ಜಿಗೆ ಕುಡಿದಿದ್ದು, ಎಲ್ಲ ಶುರುವಾಯಿತು. "ಹತ್ತೋವಾಗ ಜಾಸ್ತಿಯೋ, ಇಳಿಯೋವಾಗಲೋ?" ಅಮ್ಮ ಒಂದು ಕ್ಷಣ ಯೋಚಿಸಿದಳು. "ಹತ್ತೋವಾಗ ಏನೂ ಆಗ್ಲಿಲ್ಲ ಡಾಕ್ಟ್ರೇ. ಇಳಿಯೋವಾಗ ಕಾಲು ಸತ್ತೇ ಹೋಯ್ತು."

ಆ ಎರಡು ಪ್ರಶ್ನೆಯಲ್ಲಿ ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದಂತೆ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದರೆ ಮೀನಖಂಡ ಹಿಡಿಯುತ್ತದೆ. ಆದರೆ ಅವರು ಸುಮ್ಮನೆ ನಿಂತರೂ ಸಾಕು, ನೋವು ಇಳಿಯುತ್ತದೆ. ಸ್ನಾಯುವಿಗೆ ಬೇಕಾದ್ದು ವಿಶ್ರಾಂತಿ ಅಷ್ಟೇ. ಏರು ಹತ್ತಿದರೆ ಅವರಿಗೆ ಜಾಸ್ತಿ. ಬೆನ್ನಿನಲ್ಲಿ ನರ ಒತ್ತಿದವರಿಗೆ ತಿರುಗಾ ಮುರುಗಾ. ಏರು ಹತ್ತುವಾಗ ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ, ಹಿತ. ಇಳಿಯುವಾಗ ಸೊಂಟ ಹಿಂದಕ್ಕೆ ವಾಲುತ್ತದೆ, ತೊಂದರೆ. ಇಳಿಯುವಾಗ ಮಂಡಿ ಸವೆದವರಿಗೂ ನೋಯುತ್ತದೆ ನಿಜ, ಆದರೆ ಅದು ಮಂಡಿಯಲ್ಲೇ ನೋಯುತ್ತದೆ, ಪಾದಕ್ಕೆ ಜೋಮು ಹಿಡಿಯುವುದಿಲ್ಲ. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟವರ ಉರಿ, ಜೋಮು ಕೂತರೂ ಮಲಗಿದರೂ ಇರುತ್ತದೆ. ಡಾಕ್ಟರು ಅಮ್ಮನ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು, ಹೆಬ್ಬೆರಳನ್ನು ಮೇಲಕ್ಕೆತ್ತಿಸಿ ಒತ್ತಿ ನೋಡಿದರು, ಹಿಮ್ಮಡಿಯ ಮೇಲೆ ನಡೆಸಿದರು. ಇಷ್ಟು ದಿನ ಅಮ್ಮನನ್ನು ಯಾರೂ ಹೀಗೆ ಮುಟ್ಟಿ ನೋಡಿರಲಿಲ್ಲ.

ಬಗ್ಗಿದಾಗ ಒಳಗೆ ಏನಾಗುತ್ತೆ

ಬೆನ್ನಿನ ಮೂಳೆಗಳ ಹಿಂಭಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಕೊಳವೆ ಇದೆ. ಬೆನ್ನುಹುರಿ ಸೊಂಟದ ಮೊದಲ ಮೂಳೆಯ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ಅದೇ ಕೊಳವೆಯಲ್ಲಿ ಕಾಲಿಗೆ, ಮೂತ್ರಕೋಶಕ್ಕೆ ಹೋಗುವ ನರಗಳು ಕಟ್ಟಾಗಿ ಇಳಿಯುತ್ತವೆ. ವಯಸ್ಸಾದಂತೆ ಮುಂದಿನಿಂದ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬುತ್ತದೆ, ಅಕ್ಕಪಕ್ಕದಿಂದ ಕೀಲುಗಳು ದಪ್ಪಗಾಗುತ್ತವೆ, ಹಿಂದಿನಿಂದ ಮೂಳೆಗಳನ್ನು ಜೋಡಿಸುವ ಹಳದಿ ಪಟ್ಟಿ ದಪ್ಪಗಾಗಿ ಒಳಕ್ಕೆ ತಳ್ಳುತ್ತದೆ. ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಜಾಗ ಹೋಗುತ್ತದೆ. ಇದು ಹೆಚ್ಚಾಗಿ ಆಗೋದು ಸೊಂಟದ ನಾಲ್ಕು ಮತ್ತು ಐದನೇ ಮೂಳೆಯ ನಡುವೆ. ರಿಪೋರ್ಟುಗಳಲ್ಲಿ ಎಲ್ 4, ಎಲ್ 5 ಅಂತ ಬರೆದಿರುತ್ತದಲ್ಲ, ಅಲ್ಲಿ. ಕೆಲವರಿಗೆ ಹುಟ್ಟಿನಿಂದಲೇ ಕೊಳವೆ ಸಣ್ಣದಿರುತ್ತದೆ, ಅವರಿಗೆ ಬೇಗ ತೊಂದರೆ ಕಾಣುತ್ತದೆ.

ಭಂಗಿಯ ವಿಷಯ ಅರ್ಥವಾಗಬೇಕಾದರೆ ಈಗಲೇ ತಲೆ ಎತ್ತಿ ಸೂರು ನೋಡಿ. ಕತ್ತಿನ ಹಿಂದೆ ಕೈಯಿಡಿ. ಚರ್ಮ ಮಡಿಕೆ ಮಡಿಕೆಯಾಗಿ ಸಿಗುತ್ತದೆ. ತಲೆ ತಗ್ಗಿಸಿ, ಮಡಿಕೆ ಹೋಯಿತು. ಸೊಂಟದೊಳಗಿನ ಆ ಹಳದಿ ಪಟ್ಟಿಗೂ ಹೀಗೇ ಆಗುತ್ತದೆ. ನೆಟ್ಟಗೆ ನಿಂತಾಗ, ಹಿಂದಕ್ಕೆ ವಾಲಿದಾಗ ಅದು ಮಡಿಚಿಕೊಂಡು ಕೊಳವೆಯೊಳಕ್ಕೆ ಬರುತ್ತದೆ. ಮುಂದಕ್ಕೆ ಬಗ್ಗಿದಾಗ ಬಿಗಿಯಾಗಿ ಹಿಂದೆ ಸರಿಯುತ್ತದೆ, ನರಗಳಿಗೆ ಜಾಗ ಸಿಗುತ್ತದೆ. ಅಮ್ಮ ಟ್ರಾಲಿಯ ಮೇಲೆ ಬಾಗಿ ಮಾಡಿದ್ದು ಇದನ್ನೇ. ಅತ್ತೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮಾಡಿದ್ದೂ ಇದನ್ನೇ. ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಬೆನ್ನು ತಾನೇ ದಾರಿ ಹುಡುಕಿಕೊಂಡಿತ್ತು. ನಾವು ಅದನ್ನು ದುರಭ್ಯಾಸ ಅಂತ ತಿದ್ದಲು ಹೊರಟೆವು.

ನೆದರ್‌ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿದ್ದ ಹೆಂಕ್ ವರ್ಬೀಸ್ಟ್ ಎಂಬ ನರಶಸ್ತ್ರವೈದ್ಯರು 1954ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದ ಲೇಖನ ವೈದ್ಯರ ನಡುವೆ ಹೆಸರುವಾಸಿ. ನಿಂತರೆ, ನಡೆದರೆ ಕಾಲು ಸೋಲುತ್ತದೆ, ಮಲಗಿದರೆ ಏನೂ ಇಲ್ಲ ಅನ್ನುವ ರೋಗಿಗಳನ್ನು ನೋಡಿ, ಅವರ ಬೆನ್ನಿನ ಕೊಳವೆಯೇ ಸಣ್ಣದಾಗಿರುವುದನ್ನು ಅವರು ತೋರಿಸಿದರು. ಎಂಆರ್‌ಐ ಇಲ್ಲದ ಕಾಲ ಅದು. ರೋಗಿ ಹೇಳಿದ ಮಾತನ್ನು ನಂಬಿದ್ದರಿಂದ ಅಷ್ಟು ದೂರ ಹೋಗೋಕೆ ಆಯಿತು ಅಂತ ನನಗನ್ನಿಸುತ್ತದೆ.

ರಿಪೋರ್ಟು ಓದುವ ಚಟ

ಈಗ ಎಂಆರ್‌ಐ ಇದೆ, ಅದರ ಜೊತೆ ಬೇರೆ ತೊಂದರೆ ಇದೆ. ರಿಪೋರ್ಟು ರೋಗಿಯ ಕೈಗೇ ಬರುತ್ತದೆ. ಅಮ್ಮನ ರಿಪೋರ್ಟಿನಲ್ಲಿ ಒಂದು ಪುಟ ಪೂರ್ತಿ ಉಬ್ಬು, ಸವೆತ, ಒತ್ತಡ. ಮಧ್ಯೆ 'ಸಿವಿಯರ್' ಅಂತ ಒಂದು ಮಾತು. ಮನೆಯಲ್ಲಿ ಆವತ್ತು ಯಾರಿಗೂ ಊಟ ಸೇರಲಿಲ್ಲ. ನಮ್ಮ ಚಿಕ್ಕಪ್ಪ ಫೋನಿನಲ್ಲೇ "ಇನ್ನು ಮೆಟ್ಟಿಲು ಹತ್ತಿಸಬೇಡಿ, ಬೆಡ್ ರೆಸ್ಟ್" ಅಂತ ತೀರ್ಪು ಕೊಟ್ಟರು.

ಡಾಕ್ಟರು ಆ ಪುಟ ಓದಿ ಹೆಚ್ಚೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಅದಕ್ಕೆ ಕಾರಣ ಇದೆ. 1990ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 67 ಜನರಿಗೆ ಎಂಆರ್‌ಐ ಮಾಡಿ ನೋಡಿದ್ದರು. ಅವರಲ್ಲಿ 60 ದಾಟಿದವರನ್ನು ಮಾತ್ರ ತೆಗೆದುಕೊಂಡರೆ ಸುಮಾರು ಐದರಲ್ಲಿ ಒಬ್ಬರಿಗೆ ಫಿಲಂನಲ್ಲಿ ಸ್ಟೆನೋಸಿಸ್ ಕಂಡಿತ್ತು. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು. ಇನ್ನೊಂದು ವಿಷಯ. ಎಂಆರ್‌ಐ ತೆಗೆಯುವುದು ಮಲಗಿಸಿ. ತೊಂದರೆ ಬರುವುದು ನಿಂತಾಗ. ಹಾಗಾಗಿ ಫಿಲಂನಲ್ಲಿ ಇಷ್ಟೇ ಅಂತ ಕಂಡವರು ನಿಜವಾಗಿ ಜಾಸ್ತಿ ಒದ್ದಾಡುತ್ತಿರಬಹುದು, ಭಯಂಕರವಾಗಿ ಕಂಡವರು ಮದುವೆ ಮನೆಯಲ್ಲಿ ಬಡಿಸುತ್ತಾ ಓಡಾಡುತ್ತಿರಬಹುದು. ಫಿಲಂ ಬೇಡ ಅಂತಲ್ಲ. ಆಪರೇಷನ್ ಮಾಡುವುದಾದರೆ ಎಲ್ಲಿ ಒತ್ತಿದೆ ಅಂತ ತಿಳಿಯೋಕೆ ಅದು ಬೇಕೇ ಬೇಕು. ಆದರೆ ಅಮ್ಮನಿಗೆ ಏನು ಮಾಡಬೇಕು ಅನ್ನೋದು ಆ ಪುಟದಲ್ಲಿ ಇರಲಿಲ್ಲ. ಅವಳು ಎಷ್ಟು ದೂರ ನಡೆಯುತ್ತಾಳೆ, ಎಷ್ಟು ಹೊತ್ತು ನಿಲ್ಲುತ್ತಾಳೆ ಅನ್ನುವುದರಲ್ಲಿ ಇತ್ತು. ಬೆಡ್ ರೆಸ್ಟಂತೂ ಕೂಡದು ಅಂದರು. ಮಲಗಿದರೆ ಕಾಲಿನ ಶಕ್ತಿಯೂ ಹೋಗುತ್ತದೆ.

ಭುಜಂಗಾಸನದ ಸಹವಾಸ

ಬೆನ್ನುನೋವು ಅಂದ ಕೂಡಲೇ ವಾಟ್ಸಾಪಿಗೆ ಬರುವ ವಿಡಿಯೋ ಯಾವುದು ಹೇಳಿ? ಬೋರಲು ಮಲಗಿ, ಅಂಗೈ ಊರಿ, ಎದೆ ಎತ್ತುವ ಭುಜಂಗಾಸನ. ಡಿಸ್ಕ್ ಜರುಗಿ ಬಗ್ಗೋಕೆ ಆಗದ ಚಿಕ್ಕ ವಯಸ್ಸಿನ ಎಷ್ಟೋ ಜನರಿಗೆ ಹಿಂದಕ್ಕೆ ಬಾಗುವುದು ಹಿತ ಕೊಡುತ್ತದೆ. ಕೊಳವೆ ಸಣ್ಣಗಾದವರಿಗೆ ಅದೇ ಕಂಟಕ. ಎರಡಕ್ಕೂ ನಮ್ಮ ಬಾಯಲ್ಲಿ 'ಸೊಂಟ ನೋವು' ಅಂತಲೇ ಹೆಸರು. ಅಮ್ಮ ಪಾರ್ಕಿನ ಯೋಗ ತರಗತಿಯಲ್ಲಿ ಇದನ್ನು ಶ್ರದ್ಧೆಯಿಂದ ಮಾಡಿ, ಮನೆಗೆ ಬಂದು ಕಾಲು ಹಿಡಿದು ಕೂರುತ್ತಿದ್ದಳು. ಯೋಗದ ಮೇಷ್ಟ್ರು "ಮೊದಮೊದಲು ನೋಯುತ್ತೆ" ಅಂದಿದ್ದರಂತೆ.

ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದು ತೀರಾ ಸರಳ. ಅಂಗಾತ ಮಲಗಿ ಮಂಡಿಯನ್ನು ಎದೆಗೆ ಎಳೆದುಕೊಳ್ಳುವುದು, ಒಂದೊಂದೇ ಕಾಲು, ಆಮೇಲೆ ಎರಡೂ. ಹೊಟ್ಟೆ ಬಿಗಿಹಿಡಿದು ಸೊಂಟವನ್ನು ನೆಲಕ್ಕೆ ಒತ್ತುವುದು. ತೊಡೆ, ಪಿರ್ರೆಯ ಸ್ನಾಯುಗಳಿಗೆ ಶಕ್ತಿ ಬರುವಂಥದ್ದು. ವ್ಯಾಯಾಮದ ಸೈಕಲ್ ಇದ್ದರೆ ಹ್ಯಾಂಡಲ್ ಮೇಲೆ ಬಾಗಿ ತುಳಿಯುವುದು. ಬಾಗಿ ತುಳಿಯುವುದರಿಂದ ಇವರಿಗೆ ಸೈಕಲ್ ಕಷ್ಟವಾಗುವುದಿಲ್ಲ. ರಸ್ತೆ ಕೊನೆಯವರೆಗೆ ನಡೆಯೋಕೆ ಆಗದವರೂ ಸೈಕಲ್ ಹೊಡೆಯುತ್ತಾರೆ. ಒಂದು ಎಚ್ಚರ ಮಾತ್ರ ಇಲ್ಲಿ ಹೇಳಲೇಬೇಕು. ಮೂಳೆ ಟೊಳ್ಳಾಗಿರುವವರು ಕೂತು, ನಿಂತು ಬಲವಾಗಿ ಮುಂದಕ್ಕೆ ಬಗ್ಗುವ ವ್ಯಾಯಾಮ ಮಾಡಿದರೆ ಬೆನ್ನುಮೂಳೆ ಕುಸಿಯುವ ಅಪಾಯ ಇದೆ. ವಯಸ್ಸಾದ ಹೆಂಗಸರಲ್ಲಿ ಇದು ಅಪರೂಪವೇನಲ್ಲ. ಅದಕ್ಕೇ ಅಮ್ಮನಿಗೆ ಮೊದಲು ಮೂಳೆ ಟೊಳ್ಳಾಗಿದೆಯೇ ಅಂತ ನೋಡುವ ಪರೀಕ್ಷೆ ಮಾಡಿಸಿದ್ದು.

ನಡಿಗೆ ಬಿಡಲಿಲ್ಲ, ಆದರೆ ತುಂಡು ಮಾಡಿದೆವು. ನೋವು ಪೂರ್ತಿ ಏರುವವರೆಗೂ ಹಲ್ಲು ಕಚ್ಚಿ ನಡೆಯುವುದು ಬೇಡ, ಶುರುವಾಗುತ್ತಿದ್ದಂತೆ ಕೂತುಬಿಡು, ಇಳಿದ ಮೇಲೆ ಏಳು ಅಂದರು. ಅಡುಗೆ ಮನೆಯಲ್ಲಿ ಕಟ್ಟೆಯ ಕೆಳಗೆ ಒಂದು ಮಣೆ ಬಂತು. ಒಲೆ ಮುಂದೆ ನಿಂತಾಗ ಒಂದು ಪಾದ ಅದರ ಮೇಲೆ, ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ಸೊಂಟದ ಹಿಂದಿನ ಕುಳಿ ಅಷ್ಟರಲ್ಲೇ ಸಡಿಲವಾಗುತ್ತದೆ. ಅಟ್ಟದ ಮೇಲಿದ್ದ ಈಳಿಗೆ ಮಣೆಯೂ ಕೆಳಗಿಳಿಯಿತು. ನಿಂತು ಹೆಚ್ಚುವಾಗ ನಾಲ್ಕು ಬೀನ್ಸಿಗೇ ಸುಸ್ತಾಗುತ್ತಿದ್ದವಳು, ನೆಲದಲ್ಲಿ ಕೂತು ಒಂದು ಇಡೀ ಹಲಸಿನ ಹಣ್ಣು ಬಿಡಿಸಿದಳು. ಮಂಡಿ ಕೆಟ್ಟಿರುವವರಿಗೆ ಇದು ಆಗಿಬರುವುದಿಲ್ಲ, ಅವರಿಗೆ ಎತ್ತರದ ಸ್ಟೂಲೇ ಸರಿ. ಮಲಗುವಾಗ ಮಗ್ಗುಲಾಗಿ, ಮಂಡಿ ಮಡಿಸಿ.

ಮಾತ್ರೆಗಳ ವಿಷಯದಲ್ಲಿ ನನಗೆ ಹೆಚ್ಚು ನಂಬಿಕೆ ಉಳಿದಿಲ್ಲ. ನರದ ಮಾತ್ರೆ ಅಂತ ಕೊಡುವ ಪ್ರಿಗ್ಯಾಬಲಿನ್ ಅಮ್ಮನಿಗೆ ತಲೆ ಸುತ್ತು ತಂದಿತು. ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದರೆ ಸೊಂಟದ ಕಥೆ ಇನ್ನೊಂದೇ ಆಗುತ್ತಿತ್ತು. ಡಾಕ್ಟರನ್ನು ಕೇಳಿ ನಿಧಾನಕ್ಕೆ ಕಡಿಮೆ ಮಾಡಿ ಬಿಟ್ಟೆವು. ಬೆನ್ನಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರಲ್ಲ, ಅದರ ಬಗ್ಗೆ ಅಮೆರಿಕದಲ್ಲಿ 400 ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು. ಅರ್ಧ ಜನಕ್ಕೆ ಮರಗಟ್ಟಿಸುವ ಔಷಧಿಯ ಜೊತೆ ಸ್ಟಿರಾಯ್ಡ್, ಇನ್ನರ್ಧ ಜನಕ್ಕೆ ಬರೀ ಮರಗಟ್ಟಿಸುವ ಔಷಧಿ. ಆರು ವಾರದ ನಂತರ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಒಬ್ಬೊಬ್ಬರಿಗೆ ಸ್ವಲ್ಪ ದಿನ ಆರಾಮ ಸಿಗಬಹುದು. ಅದೇ ವಾಸಿ ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ಎರಡನೇ ಅಭಿಪ್ರಾಯ ಕೇಳಿ.

ಇದಕ್ಕೆ ಮಾತ್ರ ಕಾಯಬೇಡಿ

ಈ ಕಾಯಿಲೆ ಬಹಳ ಜನರಲ್ಲಿ ವರ್ಷಗಟ್ಟಲೆ ಇದ್ದ ಹಾಗೇ ಇರುತ್ತದೆ. ಅದಕ್ಕೇ ಅವಸರ ಬೇಡ ಅನ್ನುತ್ತಾರೆ. ಆದರೆ ತೊಡೆಸಂದಿ, ಮಲ ಮೂತ್ರ ಹೋಗುವ ಜಾಗದಲ್ಲಿ ಸ್ಪರ್ಶ ಹೋದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆಯೇ ಸೋರಿದರೆ, ಎರಡೂ ಕಾಲಿನ ಶಕ್ತಿ ಒಮ್ಮೆಲೇ ಕುಂದಿದರೆ ಬೆಳಗಾಗಲಿ ಅಂತ ಕಾಯಬಾರದು. ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಪಾದ ಎತ್ತೋಕೆ ಆಗದೆ ಚಪ್ಪಲಿ ಜಾರಿ ಬೀಳತೊಡಗಿದರೂ ಬೇಗ ತೋರಿಸಬೇಕು. ನಮ್ಮ ಹೆಂಗಸರು ಮೂತ್ರದ ವಿಷಯ ಮಗನ ಹತ್ತಿರ ಬಾಯಿ ಬಿಟ್ಟು ಹೇಳುವುದಿಲ್ಲ. ನಾವೇ ಕೇಳಬೇಕು.

ಇದೇ ತೊಂದರೆ ಕತ್ತಿನಲ್ಲಿ ಬಂದರೆ ಲೆಕ್ಕವೇ ಬೇರೆ. ಅಲ್ಲಿ ಒತ್ತುವುದು ಬೆನ್ನುಹುರಿಯನ್ನೇ. ಬ್ಲೌಸಿನ ಹುಕ್ಕು ಹಾಕೋಕೆ ಬೆರಳು ತಡವರಿಸುವುದು, ಅನ್ನ ಕಲಸುವಾಗ ಕೈ ಹಿಡಿತಕ್ಕೆ ಸಿಗದಿರುವುದು, ಕತ್ತಲಲ್ಲಿ ನಡೆದರೆ ತೂರಾಡುವುದು, ಇವೆಲ್ಲ ನೋವಿಲ್ಲದೆಯೂ ಬರಬಹುದು. ವಯಸ್ಸಾಯ್ತು ಅಂತ ಬಿಟ್ಟರೆ ಹೋದ ಶಕ್ತಿ ಪೂರ್ತಿ ವಾಪಸ್ ಬರುವುದು ಕಷ್ಟ.

ಆಪರೇಷನ್ ಮಾತು

ಬೆನ್ನಿನ ಆಪರೇಷನ್ ಅಂದರೆ ಎದ್ದು ನಡೆಯಲ್ಲ ಅನ್ನುವ ಭಯ ನಮ್ಮಲ್ಲಿ ಎಷ್ಟು ಬೇರೂರಿದೆ ಅಂದರೆ, ಆ ಮಾತು ಎತ್ತಿದ ದಿನ ಅಮ್ಮನಿಗಿಂತ ಜಾಸ್ತಿ ಅಕ್ಕಪಕ್ಕದವರು ಅತ್ತರು. ಮಾಡುವುದು ಇಷ್ಟೇ: ಹಿಂದಿನಿಂದ ಸ್ವಲ್ಪ ಮೂಳೆ, ದಪ್ಪಗಾದ ಆ ಪಟ್ಟಿ ತೆಗೆದು ನರಗಳಿಗೆ ಜಾಗ ಮಾಡುತ್ತಾರೆ. ಕಾಲಿನ ಭಾರ, ಜೋಮಿಗೆ ಇದರಿಂದ ಹೆಚ್ಚು ಲಾಭ. ಬರೀ ಸೊಂಟ ನೋವಿಗೆ ಅಷ್ಟಿಲ್ಲ. 2008ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಆಪರೇಷನ್ ಮಾಡಿಸಿಕೊಂಡವರು ಮಾಡಿಸಿಕೊಳ್ಳದವರಿಗಿಂತ ಆರಾಮಾಗಿದ್ದರು. 2015ರ ಇನ್ನೊಂದರಲ್ಲಿ 169 ಜನರನ್ನು ಆಪರೇಷನ್ ಮತ್ತು ಫಿಸಿಯೋಥೆರಪಿ ಅಂತ ಎರಡು ಗುಂಪು ಮಾಡಿ ಎರಡು ವರ್ಷ ನೋಡಿದರು, ಫಲ ಹೆಚ್ಚು ಕಡಿಮೆ ಒಂದೇ. ಆದರೆ ಫಿಸಿಯೋಥೆರಪಿ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ನಡುವೆಯೇ ಆಪರೇಷನ್ನಿಗೆ ಹೋಗಿದ್ದರು. ಹಾಗಾಗಿ ಎರಡೂ ಪಕ್ಷದವರು ಈ ಲೆಕ್ಕವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ನನಗೆ ಉಪಯೋಗಕ್ಕೆ ಬಂದಿದ್ದು ಸ್ವೀಡನ್ನಿನ 2016ರ ಅಧ್ಯಯನ. ಜಾಗ ಮಾಡುವುದರ ಜೊತೆಗೆ ಸ್ಕ್ರೂ, ರಾಡು ಹಾಕಿ ಮೂಳೆ ಬೆಸೆದರೆ ಹೆಚ್ಚಿನ ಲಾಭ ಇದೆಯೇ ಅಂತ 247 ಜನರಲ್ಲಿ ನೋಡಿದ್ದರು. ಎರಡು ವರ್ಷದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂಳೆ ತೀರಾ ಅಲುಗಾಡುತ್ತಿದ್ದರೆ ಬೆಸೆಯಬೇಕಾಗಬಹುದು. ಆದರೆ ಸರ್ಜನ್ ರಾಡು ಅಂದ ಕೂಡಲೇ ಹ್ಞೂಂ ಅನ್ನದೆ "ನಮಗೆ ಅದು ಯಾಕೆ ಬೇಕು ಡಾಕ್ಟ್ರೇ?" ಅಂತ ಕೇಳೋಕೆ ಇದು ಧೈರ್ಯ ಕೊಟ್ಟಿತು. ಬಿಲ್ಲಿನಲ್ಲಿ ಅದರ ತೂಕ ಕಡಿಮೆಯೇನಲ್ಲ.

ಅಮ್ಮ ತನ್ನ ಲೆಕ್ಕ ತಾನೇ ಹಾಕಿದ್ದಾಳೆ. "ಅರಳಿಕಟ್ಟೆ ತನಕ ಹೋಗಿ ಬರೋಕಾಗೋವರೆಗೂ ಕತ್ತರಿ ಬೇಡ. ಅದೂ ಆಗದಿದ್ರೆ ಮಾಡಿಸ್ತೀನಿ, ನೀವ್ಯಾರೂ ಅಳಬಾರದು" ಅಂದಳು. ಡಾಕ್ಟರಿಗೆ ಹೇಳಿದೆ. ಅವರು ಫೈಲಿನಲ್ಲಿ ಅದನ್ನೇ ಬರೆದುಕೊಂಡರು: ಈಗ ನಡೆಯುವ ದೂರ ಇಷ್ಟು, ಆರು ತಿಂಗಳಿಗೆ ಬನ್ನಿ. ಸೀಟಿರುವ, ಚಕ್ರದ ವಾಕರ್ ಒಂದು ತರೋಣ ಅಂತ ನಾನು ಹೇಳುತ್ತಿದ್ದೇನೆ. ಬಾಗಿ ತಳ್ಳಬಹುದು, ಬೇಕಾದಲ್ಲಿ ಕೂರಬಹುದು, ವಿಕ್ಸ್ ಕೊಳ್ಳುವುದೂ ತಪ್ಪುತ್ತದೆ. ಅಮ್ಮ ಇನ್ನೂ ಒಪ್ಪಿಲ್ಲ. ತರಕಾರಿ ಬುಟ್ಟಿ ಇಡೋಕೆ ಜಾಗ ಇರುವಂಥದ್ದು ಸಿಕ್ಕರೆ ನೋಡೋಣ ಅಂದಿದ್ದಾಳೆ.